'ಮನೇಲವ್ಳೆ' ಎಂಬ ಉತ್ತರ ಮತ್ತು ದುಡಿಮೆಯ ಲೆಕ್ಕ

ಗಣತಿಯವರು ಮನೆಬಾಗಿಲಿಗೆ ಬಂದು ಹೆಂಡತಿಯ ಕೆಲಸವೇನೆಂದು ಕೇಳಿದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮಂದಿ ಯಜಮಾನರ ಉತ್ತರ ಒಂದೇ: "ಏನಿಲ್ಲ ಸ್ವಾಮಿ, ಮನೇಲವ್ಳೆ." ಮಲೆನಾಡಿನ ಕಾಫಿ, ಅಡಿಕೆ ತೋಟದ ಮನೆಗಳಲ್ಲಿ ಮಾತಿನ ಧಾಟಿ ಬೇರೆಯಾದೀತೇ ಹೊರತು ಉತ್ತರ ಬೇರೆಯಲ್ಲ. ಆ ಒಂದು ಮಾತಿನಿಂದ ಹೆಣ್ಣುಮಗಳು ದೇಶದ ಶ್ರಮಬಲದ ಹೊರಗೆ ಬೀಳುತ್ತಾಳೆ.

ಶ್ರಮಬಲವೆಂದರೆ ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರು. ಆದಕಾರಣ ನಿರುದ್ಯೋಗಿಯೂ ಅದರ ಒಳಗಿನವನೇ. 15 ವರ್ಷ ತುಂಬಿದವರ ಒಟ್ಟು ಸಂಖ್ಯೆಯಿಂದ ಇವರನ್ನು ಕಳೆದರೆ ಉಳಿಯುವವರು ಹೊರಗಿನವರು: ವಿದ್ಯಾರ್ಥಿಗಳು, ಗೃಹಕೃತ್ಯದವರು, ಪಿಂಚಣಿ ಅಥವಾ ಬಾಡಿಗೆಯಿಂದ ಬದುಕುವವರು, ಅಂಗವೈಕಲ್ಯದಿಂದ ದುಡಿಯಲಾರದವರು ಮುಂತಾಗಿ. ಅರ್ಜಿ ಹಾಕಿ ಹಾಕಿ ಬೇಸತ್ತ ಹುಡುಗ, ಇನ್ನು ಕೆಲಸವೇ ಬೇಡವೆಂದು ಬರೆಸಿಬಿಟ್ಟರೆ ಅವನೂ ಈ ಸಾಲಿಗೇ ಸೇರುತ್ತಾನೆ. ಆಗ ನಿರುದ್ಯೋಗದ ಅಂಕಿ ಇಳಿಯುತ್ತದೆ. ಕೆಲಸ ಮಾತ್ರ ಯಾರಿಗೂ ಸಿಕ್ಕಿರುವುದಿಲ್ಲ!

ಇನ್ನು ಅಳತೆಗೋಲಿನ ವಿಚಾರ. 1981ರ ಜನಗಣತಿಯಿಂದೀಚೆಗೆ, ವರ್ಷದಲ್ಲಿ 183 ದಿನ ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕೆ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು, ಏನೂ ದುಡಿಯದವರು ಕೆಲಸಗಾರರಲ್ಲದವರು. 2017ರಲ್ಲಿ ಆರಂಭವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಗೋಲು ಬೇರೆ. ವರ್ಷದಲ್ಲಿ 30 ದಿನ ಉಪಕಸುಬು ಮಾಡಿದ್ದರೂ ಅಲ್ಲಿ ಸಾಮಾನ್ಯ ಸ್ಥಿತಿಯ ಲೆಕ್ಕಕ್ಕೆ ಸೇರುತ್ತದೆ. ವಾರದ ಲೆಕ್ಕದಲ್ಲಾದರೆ ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೆ ಸಾಕು. ಕೂಲಿ ಪಡೆಯಲೇಬೇಕೆಂದಿಲ್ಲ. ಸ್ವಂತ ಹೊಲ, ತೋಟದಲ್ಲಿ ಸಂಬಳವಿಲ್ಲದೆ ದುಡಿದವರು 'ಸಹಾಯಕರು' ಎಂಬ ಹೆಸರಿನಲ್ಲಿ ಕೆಲಸಗಾರರೇ ಆಗುತ್ತಾರೆ.

ಮಳವಳ್ಳಿ ಕಡೆಯ ಒಂದು ರೇಷ್ಮೆ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಬೆಳೆಗೆ ಸುಮಾರು 25 ದಿನ. ಸೊಪ್ಪು ಕೊಯ್ಯುವುದು, ಕಸ ತೆಗೆಯುವುದು, ನಾಲ್ಕನೇ ಜ್ವರ ಎದ್ದ ಮೇಲೆ ಹಗಲುರಾತ್ರಿ ಸೊಪ್ಪು ಹಾಕುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು: ಇದರಲ್ಲಿ ಬಹುಪಾಲು ಹೆಂಗಸರ ಕೈಯಿಂದಲೇ ಆಗತಕ್ಕದ್ದು. ವರ್ಷಕ್ಕೆ ಐದು ಬೆಳೆ ಎಂದಿಟ್ಟುಕೊಂಡರೆ 125 ದಿನ. ಗದ್ದೆಯ ನಾಟಿ, ಕಳೆ, ಕಬ್ಬಿನ ತರಗು ಬಿಡಿಸುವುದು ಸೇರಿ ಇನ್ನು 60 ದಿನವಾದರೆ 185 ಆಯಿತು. ಆಕೆ ಮುಖ್ಯ ಕೆಲಸಗಾರಳು. ಡೇರಿಗೆ ಹಾಲು ಹಾಕುವ ಹಸುವೊಂದಿದ್ದರೆ ಈ ಕೂಡುವ ಲೆಕ್ಕವೇ ಬೇಕಾಗಿಲ್ಲ. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. 2001ರ ಗಣತಿಯಲ್ಲಂತೂ ಮನೆಬಳಕೆಗಷ್ಟೇ ಹಾಲು ಉತ್ಪಾದಿಸುವುದನ್ನೂ ಕೆಲಸವೆಂದೇ ಎಣಿಸಲಾಯಿತು. ಅಡಿಕೆ ಸುಲಿಯುವ, ಕಾಫಿ ಕೊಯ್ದು ಕಣದಲ್ಲಿ ಹರವುವ ನಮ್ಮ ಹೆಣ್ಣುಮಕ್ಕಳ ದಿನಗಳನ್ನು ಓದುಗರೇ ಹೀಗೆ ಕೂಡಿ ನೋಡಬಹುದು.

ಪ್ರಶ್ನೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1961ರಲ್ಲಿ ಹಂಗಾಮಿನ ಬಹುಭಾಗ ದಿನಕ್ಕೆ ಒಂದು ಗಂಟೆಗೆ ಮೇಲ್ಪಟ್ಟು ದುಡಿದವರೆಲ್ಲ ಕೆಲಸಗಾರರೆನಿಸಿದ್ದರು. 1971ರಲ್ಲಿ ಮುಖ್ಯ ಚಟುವಟಿಕೆ ಯಾವುದೆಂದು ಮೊದಲು ಕೇಳಲಾಯಿತು. 'ಅಡುಗೆ, ಮನೆಗೆಲಸ' ಎಂದವರು ಕೆಲಸಗಾರರ ಪಟ್ಟಿಯಿಂದ ಹೊರಬಿದ್ದರು, ದೇಶದ ಮಹಿಳಾ ಕೆಲಸಗಾರರ ಸಂಖ್ಯೆ ಬಹುಮಟ್ಟಿಗೆ ಅರ್ಧಕ್ಕೆ ಕುಸಿಯಿತು. ಹತ್ತೇ ವರ್ಷದಲ್ಲಿ ಅರ್ಧ ಹೆಂಗಸರು ಕಳೆ ಕೀಳುವುದನ್ನು ಬಿಟ್ಟರೆಂದು ನಂಬಲಾದೀತೆ?

ಈಚಿನ ಅಂಕಿಗಳನ್ನೂ ಇದೇ ಎಚ್ಚರಿಕೆಯಿಂದ ಓದಬೇಕು. 15 ವರ್ಷ ಮೇಲ್ಪಟ್ಟ ಸ್ತ್ರೀಯರಲ್ಲಿ ಶ್ರಮಬಲಕ್ಕೆ ಸೇರಿದವರು 2017-18ರಲ್ಲಿ ಶೇಕಡಾ 23.3 ಇದ್ದದ್ದು 2023-24ರಲ್ಲಿ 41.7ಕ್ಕೆ ಏರಿತು. ಆದರೂ 100ಕ್ಕೆ 58 ಮಂದಿ ಹೊರಗೇ ಉಳಿದರು. ಹೊರಗೆಂದರೆ ಸುಮ್ಮನೆ ಕುಳಿತವರೆಂದಲ್ಲ. 2019ರ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 97 ನಿಮಿಷ.

ಸೌದೆ ಆಯುವುದು, ದನಕ್ಕೆ ಬದುವಿನ ಹುಲ್ಲು ತರುವುದು ಮನೆಗೆಲಸದ ಜೊತೆಗೆ 93 ಎಂಬ ಸಂಕೇತದಡಿ, ಶ್ರಮಬಲದ ಹೊರಗೇ ದಾಖಲಾಗುತ್ತದೆ. ಅದೇ ದನದ ಹಾಲು ಕರೆದರೆ ಅದು ಕೆಲಸ. ಈ ತರ್ಕ ನಮಗಂತೂ ಒಪ್ಪಿಗೆಯಾಗದು.

ಹೆಂಗಸರಿಗೆ ತಕ್ಕ ಉಪಕರಣ, ತರಬೇತಿ, ಶಿಶುವಿಹಾರ ಬೇಕೆಂದು ಕೇಳುವಾಗ ಅಧಿಕಾರಿಗಳು ಮುಂದಿಡುವುದು ಈ ಅಂಕಿಗಳನ್ನೇ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಹೊಸ ಗಣತಿಯ ಆಧಾರದಿನವೆಂದು 2025ರಲ್ಲಿ ಪ್ರಕಟಿಸಲಾಯಿತು. ಗಣತಿಯವರು ಬಂದಾಗ ಬೆಳೆಗಾರ ಬಂಧುಗಳು ಮನೆಯ ಹೆಂಗಸರನ್ನೇ ಮುಂದೆ ಕರೆದು, ವರ್ಷದಲ್ಲಿ ಎಷ್ಟು ದಿನ ಗದ್ದೆ, ತೋಟ, ಕೊಟ್ಟಿಗೆ, ಹುಳುಮನೆಯಲ್ಲಿ ದುಡಿದರೆಂಬುದನ್ನು ಅವರ ಬಾಯಿಂದಲೇ ಬರೆಸತಕ್ಕದ್ದು.