ಧ್ಯಾನ ಮತ್ತು ಮೆದುಳಿನ ನಮ್ಯತೆ

ಕಲಿಕೆ, ಅನುಭವ ಮತ್ತು ಪರಿಸರಕ್ಕೆ ಅನುಗುಣವಾಗಿ ಮೆದುಳು ತನ್ನ ರಚನೆಯನ್ನೂ ಕಾರ್ಯವಿಧಾನವನ್ನೂ ಬದಲಿಸಿಕೊಳ್ಳುವ ಸಾಮರ್ಥ್ಯವನ್ನು ಮೆದುಳಿನ ನಮ್ಯತೆ ಅಥವಾ ನ್ಯೂರೋಪ್ಲಾಸ್ಟಿಸಿಟಿ ಎಂದು ಕರೆಯಲಾಗುತ್ತದೆ. ಬಾಲ್ಯದಲ್ಲಿ ಹೆಚ್ಚಾಗಿರುವ ಈ ಸಾಮರ್ಥ್ಯವು ವಯಸ್ಸಾದಂತೆ ಕಡಿಮೆಯಾಗುತ್ತದೆಯಾದರೂ ಸಂಪೂರ್ಣವಾಗಿ ನಶಿಸುವುದಿಲ್ಲ. ಧ್ಯಾನ, ವಾತ್ಸಲ್ಯ ಮತ್ತು ಒಳ್ಳೆಯ ಅನುಭವಗಳು ಮೆದುಳನ್ನು ಮರುರೂಪಿಸಬಲ್ಲವೇ ಎಂಬುದು ಇಂದಿನ ನರವಿಜ್ಞಾನದ ಪ್ರಮುಖ ಪ್ರಶ್ನೆಗಳಲ್ಲಿ ಒಂದು. ಅನುಭವದಿಂದ ಮೆದುಳು ಬದಲಾಗುತ್ತದೆ ಎಂಬುದು ಅನೇಕ ಪ್ರಯೋಗಗಳಿಂದ ಸಿದ್ಧಪಟ್ಟಿದೆ. ಆದರೆ ಕೆಲವೇ ವಾರಗಳ ಧ್ಯಾನದಿಂದ ಮೆದುಳಿನ ಭಾಗಗಳು ಬೆಳೆಯುತ್ತವೆ ಎಂಬ ಜನಪ್ರಿಯ ಹೇಳಿಕೆಗೆ ಅಂತಹ ದೃಢವಾದ ಆಧಾರವಿಲ್ಲ.

## ಹಿನ್ನೆಲೆ

ಪ್ರಾಯಕ್ಕೆ ಬಂದ ಮೇಲೆ ಮೆದುಳಿನ ರಚನೆ ಬದಲಾಗುವುದಿಲ್ಲ ಎಂಬ ನಂಬಿಕೆ 20ನೆಯ ಶತಮಾನದ ಬಹುಭಾಗದಲ್ಲಿ ಪ್ರಬಲವಾಗಿತ್ತು. ಇದಕ್ಕೆ ಭಿನ್ನವಾದ ಚಿಂತನೆಯೂ ಬಹಳ ಹಿಂದಿನಿಂದಲೇ ಇತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ರೂಢಿಗಳು ಬೇರೂರಲು ನರಮಂಡಲದ ನಮ್ಯಗುಣವೇ ಕಾರಣವೆಂದು ಪ್ರತಿಪಾದಿಸಿದರು. 1949ರಲ್ಲಿ ಕೆನಡಾದ ಡೊನಾಲ್ಡ್ ಹೆಬ್, ಒಂದು ನರಕೋಶವು ಮತ್ತೊಂದನ್ನು ಪದೇಪದೇ ಪ್ರಚೋದಿಸಿದಾಗ ಅವುಗಳ ನಡುವಣ ಸಂಪರ್ಕ ಬಲಗೊಳ್ಳುತ್ತದೆ ಎಂಬ ಸಿದ್ಧಾಂತವನ್ನು ಮಂಡಿಸಿದರು.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಮೇರಿಯನ್ ಡೈಮಂಡ್, ಮಾರ್ಕ್ ರೋಸೆನ್ಜ್‌ವೈಗ್ ಮತ್ತು ಅವರ ಸಹೋದ್ಯೋಗಿಗಳು ಇಲಿಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಸಂಗಾತಿಗಳು ಮತ್ತು ಆಟದ ವಸ್ತುಗಳಿದ್ದ ಪಂಜರದಲ್ಲಿ ಬೆಳೆದ ಇಲಿಗಳ ಮೆದುಳಿನ ಹೊರಪದರವು, ಬರಿದಾದ ಪಂಜರದಲ್ಲಿ ಒಂಟಿಯಾಗಿ ಬೆಳೆದ ಇಲಿಗಳದಕ್ಕಿಂತ ದಪ್ಪವಾಗಿತ್ತು. ಅನುಭವವು ಮೆದುಳಿನ ದೇಹರಚನೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ದೊರೆತ ಆರಂಭದ ಪುರಾವೆಗಳಲ್ಲಿ ಇದು ಮುಖ್ಯವಾದುದು.

## ಬದಲಾವಣೆ ನಡೆಯುವ ವಿಧಾನ

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶವು ಮತ್ತೊಂದಕ್ಕೆ ಸಂದೇಶ ದಾಟಿಸುವ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಕಲಿಕೆಯ ಸಂದರ್ಭದಲ್ಲಿ ಮುಖ್ಯವಾಗಿ ಬದಲಾಗುವುದು ಈ ಸಂಧಿಗಳೇ. ಹೆಚ್ಚು ಬಳಕೆಯಾಗುವ ಸಂಧಿಗಳು ಬಲಗೊಳ್ಳುತ್ತವೆ, ಹೊಸ ಸಂಧಿಗಳು ಮೂಡುತ್ತವೆ, ಬಳಕೆಯಿಲ್ಲದವು ಕ್ಷೀಣಿಸುತ್ತವೆ. ಜನ ನಡೆದಾಡಿದ ಹೊಲದಲ್ಲಿ ಕಾಲುದಾರಿ ಮೂಡುತ್ತದೆ. ನಡೆದಾಟ ನಿಂತರೆ ಅಲ್ಲಿ ಮತ್ತೆ ಹುಲ್ಲು ಬೆಳೆಯುತ್ತದೆ. ನರಮಾರ್ಗಗಳ ಸ್ವಭಾವವನ್ನು ಈ ಹೋಲಿಕೆಯಿಂದ ಸ್ಥೂಲವಾಗಿ ಅರ್ಥಮಾಡಿಕೊಳ್ಳಬಹುದು.

ಈ ಗುಣವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಸಂಗೀತಾಭ್ಯಾಸದಂತೆಯೇ ದುಶ್ಚಟ, ಭಯ ಮತ್ತು ದೀರ್ಘಕಾಲದ ನೋವು ಸಹ ಇದೇ ಮಾರ್ಗದಲ್ಲಿ ಬೇರೂರುತ್ತವೆ.

## ಮನುಷ್ಯರಲ್ಲಿ ಕಂಡ ಬದಲಾವಣೆಗಳು

ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ನಗರದ ಸುಮಾರು 25,000 ಬೀದಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಎಲೀನರ್ ಮ್ಯಾಗ್ವೈರ್ ಅವರ ತಂಡ 2000ದಲ್ಲಿ 16 ಚಾಲಕರನ್ನು ಪರೀಕ್ಷಿಸಿದಾಗ, ಸ್ಥಳಗಳ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿಯು ಇತರರಿಗಿಂತ ಅವರಲ್ಲಿ ದೊಡ್ಡದಾಗಿತ್ತು, ಮುಂಬದಿಯಾದರೋ ಚಿಕ್ಕದಾಗಿತ್ತು. ಹುಟ್ಟಿನಿಂದಲೇ ಅಂತಹ ಮೆದುಳುಳ್ಳವರು ಈ ವೃತ್ತಿಗೆ ಬರುತ್ತಿರಬಹುದೇ ಎಂಬ ಸಂದೇಹ ಉಳಿದಿತ್ತು. ಅದನ್ನು ಪರಿಹರಿಸಲು 79 ಅಭ್ಯರ್ಥಿಗಳನ್ನು ತರಬೇತಿಯ ಮೊದಲು ಮತ್ತು ನಂತರ ಪರೀಕ್ಷಿಸಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉತ್ತೀರ್ಣರಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು.

ಜರ್ಮನಿಯ ಸಂಶೋಧಕರು 2004ರಲ್ಲಿ ಮತ್ತೊಂದು ಅಧ್ಯಯನವನ್ನು ಪ್ರಕಟಿಸಿದರು. ಮೂರು ತಿಂಗಳ ಕಾಲ ಚೆಂಡುಗಳನ್ನು ಸರದಿಯಂತೆ ಎಸೆದು ಹಿಡಿಯುವ ಆಟವನ್ನು ಕಲಿತವರಲ್ಲಿ, ಚಲನೆಯನ್ನು ಗುರುತಿಸುವ ಮೆದುಳಿನ ಭಾಗದ ಬೂದು ದ್ರವ್ಯ ಹೆಚ್ಚಿತ್ತು. ಅಭ್ಯಾಸ ನಿಲ್ಲಿಸಿದ ಮೂರು ತಿಂಗಳಲ್ಲಿ ಆ ಹೆಚ್ಚಳ ಇಳಿಮುಖವಾಯಿತು.

## ವಾತ್ಸಲ್ಯ ಮತ್ತು ಒಳ್ಳೆಯ ಅನುಭವಗಳು

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಸಂಗಡಿಗರು ತಾಯಿ ಇಲಿಗಳ ಪೋಷಣೆಯನ್ನು ಅಧ್ಯಯನ ಮಾಡಿದರು. ತಾಯಿ ಹೆಚ್ಚಾಗಿ ನೆಕ್ಕಿ ನೇವರಿಸಿದ ಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಹೆಚ್ಚು ಸಮಾಧಾನದಿಂದ ಎದುರಿಸಿದವು. ಹೆಚ್ಚು ನೇವರಿಸದ ತಾಯಿಯ ಮರಿಗಳನ್ನು ಹೆಚ್ಚು ನೇವರಿಸುವ ತಾಯಿಯ ಬಳಿ ಬೆಳೆಸಿದಾಗ, ಅವು ಸಾಕಿದ ತಾಯಿಯ ಮರಿಗಳಂತೆಯೇ ವರ್ತಿಸಿದವು. ಹೆತ್ತ ತಾಯಿಯಿಂದ ಬಂದ ಗುಣಕ್ಕಿಂತ ಪೋಷಣೆಯ ಪ್ರಭಾವ ಇಲ್ಲಿ ಮೇಲಾಗಿತ್ತು.

ಮಕ್ಕಳ ವಿಷಯದಲ್ಲಿ ಅತ್ಯಂತ ಗಂಭೀರವಾದ ಸಾಕ್ಷ್ಯ ದೊರೆತಿರುವುದು ರೊಮೇನಿಯಾದಿಂದ. ರಾಜಧಾನಿ ಬುಖಾರೆಸ್ಟ್‌ನ ಅನಾಥಾಲಯಗಳಲ್ಲಿದ್ದ ಶಿಶುಗಳಿಗೆ ಅನ್ನ, ಬಟ್ಟೆ, ವಸತಿಗಳಿದ್ದರೂ, ಎತ್ತಿಕೊಂಡು ಮಾತನಾಡಿಸುವವರ ಕೊರತೆಯಿತ್ತು. 21ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕೈಗೊಂಡ ಅಧ್ಯಯನದಲ್ಲಿ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದ ಮಕ್ಕಳ ಮೆದುಳಿನ ವಿದ್ಯುತ್ ಚಟುವಟಿಕೆಯು ಎಂಟನೆಯ ವಯಸ್ಸಿನ ವೇಳೆಗೆ, ಅನಾಥಾಲಯವನ್ನೇ ಕಾಣದ ಮಕ್ಕಳದಕ್ಕೆ ಸಮೀಪವಾಗಿತ್ತು. ತಡವಾಗಿ ಕುಟುಂಬ ಸೇರಿದವರಲ್ಲಿ ಅಷ್ಟು ಸುಧಾರಣೆ ಕಂಡುಬರಲಿಲ್ಲ. ಮೆದುಳು ಬದಲಾಗಬಲ್ಲದು, ಆದರೆ ಕೆಲವು ಬದಲಾವಣೆಗಳಿಗೆ ಸಕಾಲವಿದೆ ಎಂಬುದು ಈ ಅಧ್ಯಯನದ ತಿರುಳು.

ದೊಡ್ಡವರಲ್ಲಿ ಕಹಿ ಅನುಭವಗಳು ಸಿಹಿ ಅನುಭವಗಳಿಗಿಂತ ಹೆಚ್ಚು ಪರಿಣಾಮಕಾರಿಯಾಗಿರುತ್ತವೆ. ಹತ್ತು ಮೆಚ್ಚುಗೆಯ ಮಾತುಗಳ ನಡುವೆ ಒಂದು ನಿಂದೆಯ ಮಾತೇ ನೆನಪಿನಲ್ಲಿ ಉಳಿಯುವುದು ಇದಕ್ಕೆ ಉದಾಹರಣೆ. ಆದಕಾರಣ ಒಳ್ಳೆಯ ಕ್ಷಣದಲ್ಲಿ ತುಸು ಹೊತ್ತು ಮನಸ್ಸನ್ನು ನಿಲ್ಲಿಸಬೇಕೆಂದು ಅಮೆರಿಕದ ಲೇಖಕ ರಿಕ್ ಹ್ಯಾನ್ಸನ್ ಮುಂತಾದವರು ಸಲಹೆ ನೀಡಿದ್ದಾರೆ. ಇದು ವಿವೇಕದ ಸಲಹೆಯೇ ಆದರೂ, ಇದರಿಂದ ಮೆದುಳಿನ ರಚನೆ ಬದಲಾಗುತ್ತದೆ ಎನ್ನಲು ನೇರವಾದ ಪುರಾವೆ ಕಡಿಮೆ.

## ಧ್ಯಾನದ ಅಧ್ಯಯನಗಳು

ಮನಸ್ಸಿನ ನಿಗ್ರಹಕ್ಕೆ ದೀರ್ಘಕಾಲದ, ಎಡೆಬಿಡದ ಅಭ್ಯಾಸ ಅಗತ್ಯವೆಂಬ ವಿಚಾರ ಪತಂಜಲಿಯ ಯೋಗಸೂತ್ರಗಳಲ್ಲಿದೆ. ಆಧುನಿಕ ಉಪಕರಣಗಳಿಂದ ಧ್ಯಾನವನ್ನು ಪರಿಶೀಲಿಸುವ ಪ್ರಯತ್ನಗಳು ಭಾರತದಲ್ಲಿ ಬೇಗನೆ ಆರಂಭವಾದವು. ದೆಹಲಿಯಲ್ಲಿ ಬಿ. ಕೆ. ಆನಂದ್ ಮತ್ತು ಸಂಗಡಿಗರು ಯೋಗಿಗಳ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1961ರಲ್ಲಿ ವರದಿಯನ್ನು ಪ್ರಕಟಿಸಿದರು. 1979ರಲ್ಲಿ ಜಾನ್ ಕಬತ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಎಂಟು ವಾರಗಳ ಧ್ಯಾನ ತರಬೇತಿಯನ್ನು ರೂಪಿಸಿದರು. ಉಸಿರಾಟ ಮತ್ತು ದೇಹದ ಅನುಭವಗಳನ್ನು ತಟಸ್ಥವಾಗಿ ಗಮನಿಸುವ ಈ ಕ್ರಮವೇ ಅನಂತರದ ಹಲವು ಅಧ್ಯಯನಗಳಿಗೆ ಆಧಾರವಾಯಿತು.

2004ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್‌ಸನ್ ಅವರ ತಂಡವು, 10,000ದಿಂದ 50,000 ಗಂಟೆಗಳ ಸಾಧನೆಯಿದ್ದ ಎಂಟು ಬೌದ್ಧ ಸಾಧಕರನ್ನು ಪರೀಕ್ಷಿಸಿತು. ಕರುಣಾಧ್ಯಾನದಲ್ಲಿ ತೊಡಗಿದಾಗ ಅವರ ಮೆದುಳಿನಲ್ಲಿ ಗಾಮಾ ಎಂಬ ವೇಗದ ಅಲೆಗಳು ಅತ್ಯಂತ ಪ್ರಬಲವಾಗಿದ್ದವು. 2005ರಲ್ಲಿ ಸಾರಾ ಲಾಜರ್ ಅವರು, 20 ಮಂದಿ ಅನುಭವಿ ಧ್ಯಾನಿಗಳಲ್ಲಿ ಗಮನ ಮತ್ತು ದೇಹಪ್ರಜ್ಞೆಗೆ ಸಂಬಂಧಿಸಿದ ಹೊರಪದರದ ಕೆಲವು ಭಾಗಗಳು ಇತರರಿಗಿಂತ ದಪ್ಪವಾಗಿವೆ ಎಂದು ವರದಿ ಮಾಡಿದರು. 2011ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಎಂಟು ವಾರಗಳ ತರಬೇತಿ ಪಡೆದ 16 ಮಂದಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಬೂದು ದ್ರವ್ಯದ ಸಾಂದ್ರತೆ ಹೆಚ್ಚಿದೆಯೆಂದು ತಿಳಿಸಿತು.

ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 12 ಮಂದಿ ಆರೋಗ್ಯವಂತರಲ್ಲಿ ಓಂಕಾರದ ಪರಿಣಾಮವನ್ನು ಎಂ.ಆರ್.ಐ. ಮೂಲಕ ಪರಿಶೀಲಿಸಿದ ವರದಿಯೂ ಪ್ರಕಟವಾಯಿತು. ಓಂಕಾರದ ಸಮಯದಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು. 'ಸ್‌ಸ್' ಎಂಬ ಧ್ವನಿಯನ್ನು ಹೊರಡಿಸಿದಾಗ ಹಾಗಾಗಲಿಲ್ಲ. ಇದು ಆ ಹೊತ್ತಿನ ಚಟುವಟಿಕೆಯ ಬದಲಾವಣೆಯೇ ಹೊರತು ರಚನೆಯ ಬದಲಾವಣೆಯಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಅನೇಕ ತಪ್ಪು ತಿಳುವಳಿಕೆಗಳು ಹುಟ್ಟಿವೆ.

## ಮಿತಿಗಳು ಮತ್ತು ವಿಮರ್ಶೆ

ಮೇಲಿನ ಧ್ಯಾನದ ಅಧ್ಯಯನಗಳಲ್ಲಿ ಭಾಗವಹಿಸಿದವರ ಸಂಖ್ಯೆ ಕಡಿಮೆ. ದೀರ್ಘಕಾಲದ ಸಾಧಕರು ಆಹಾರ, ನಿದ್ರೆ, ಜೀವನಕ್ರಮಗಳಲ್ಲಿಯೂ ಇತರರಿಗಿಂತ ಭಿನ್ನರಾಗಿರಬಹುದಾದ್ದರಿಂದ, ವ್ಯತ್ಯಾಸಕ್ಕೆ ಧ್ಯಾನವೇ ಕಾರಣವೆಂದು ನಿರ್ಧರಿಸುವುದು ಕಷ್ಟ. 2022ರಲ್ಲಿ ಡೇವಿಡ್‌ಸನ್ ಅವರನ್ನೂ ಒಳಗೊಂಡ ತಂಡವೇ 218 ಮಂದಿಯನ್ನು ಒಳಗೊಂಡ ಹೆಚ್ಚು ಕಟ್ಟುನಿಟ್ಟಾದ ಅಧ್ಯಯನವನ್ನು ಪ್ರಕಟಿಸಿತು. ಎಂಟು ವಾರಗಳ ತರಬೇತಿಯಿಂದ ಮೆದುಳಿನ ರಚನೆಯಲ್ಲಿ ಯಾವ ಬದಲಾವಣೆಯೂ ಅದರಲ್ಲಿ ಕಂಡುಬರಲಿಲ್ಲ.

ಹಾಗೆಂದು ಧ್ಯಾನ ನಿಷ್ಪ್ರಯೋಜಕವೆಂದು ಅರ್ಥವಲ್ಲ. 47 ಪ್ರಯೋಗಗಳನ್ನೂ 3,515 ಜನರನ್ನೂ ಒಳಗೊಂಡ 2014ರ ಪರಾಮರ್ಶೆಯೊಂದು, ಆತಂಕ, ಖಿನ್ನತೆ ಮತ್ತು ನೋವನ್ನು ತಗ್ಗಿಸುವಲ್ಲಿ ಧ್ಯಾನದಿಂದ ಸಾಧಾರಣ ಮಟ್ಟದ ಪ್ರಯೋಜನವಿದೆ ಎಂದು ನಿರ್ಣಯಿಸಿತು. ಔಷಧ ಅಥವಾ ವ್ಯಾಯಾಮದಂತಹ ಇತರ ಕ್ರಮಗಳಿಗಿಂತ ಅದು ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲ. ಮನಸ್ಸಿಗೆ ನೆಮ್ಮದಿ ದೊರೆಯಲು ಮೆದುಳಿನ ಭಾಗಗಳು ಹಿಗ್ಗಲೇಬೇಕೆಂದಿಲ್ಲ.

ಧ್ಯಾನದ ಸಂದರ್ಭದಲ್ಲಿ ಕೆಲವರಿಗೆ ಆತಂಕ ಹೆಚ್ಚುವುದೂ, ಹಳೆಯ ಕಹಿ ನೆನಪುಗಳು ಮರುಕಳಿಸುವುದೂ ಉಂಟು. ತೀವ್ರ ಖಿನ್ನತೆ ಮೊದಲಾದ ಕಾಯಿಲೆಗಳಲ್ಲಿ ಧ್ಯಾನವು ಚಿಕಿತ್ಸೆಗೆ ಪೂರಕವಾಗಬಹುದೇ ಹೊರತು ಬದಲಿಯಾಗಲಾರದು. ಧ್ಯಾನವನ್ನೇ ನಂಬಿ ವೈದ್ಯರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.

## ಇತರ ಅಂಶಗಳು

ದೈಹಿಕ ವ್ಯಾಯಾಮವೂ ಮೆದುಳಿನ ಮೇಲೆ ಪರಿಣಾಮ ಬೀರುತ್ತದೆ. 120 ಮಂದಿ ವೃದ್ಧರ ಮೇಲೆ ನಡೆಸಿದ 2011ರ ಅಧ್ಯಯನದಲ್ಲಿ, ಒಂದು ವರ್ಷ ನಿಯಮಿತವಾಗಿ ನಡಿಗೆಯಲ್ಲಿ ತೊಡಗಿದವರ ಹಿಪ್ಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ಸಾಕಷ್ಟು ನಿದ್ರೆಯೂ ಅವಶ್ಯಕ.