ಬೀದರದ ಚಳಿಯೂ ಸರ್ಕಾರದ ಕಂಬಳಿಯೂ

ಕರ್ನಾಟಕದಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣತೆಯೆಂದು ಸಾಮಾನ್ಯವಾಗಿ ಉಲ್ಲೇಖಿಸಲ್ಪಡುವ 2.8 ಡಿಗ್ರಿ ಸೆಲ್ಸಿಯಸ್, ಕೊಡಗಿನ ಬೆಟ್ಟಗಳಿಗಾಗಲಿ ಚಿಕ್ಕಮಗಳೂರಿನ ಗಿರಿಶ್ರೇಣಿಗಾಗಲಿ ಸೇರಿದುದಲ್ಲ. ಅದು 1918ರ ಡಿಸೆಂಬರಿನಲ್ಲಿ ಬೀದರಿಗೆ ಸಂದ ಕೀರ್ತಿ. ವೈಶಾಖದ ಬಿಸಿಲಿಗೆ ಹೆಸರಾದ ಈ ಪ್ರಸ್ಥಭೂಮಿ ಪುಷ್ಯಮಾಸದಲ್ಲಿ ಎಷ್ಟು ನಿರ್ದಯವಾಗಬಲ್ಲುದೆಂಬುದನ್ನು, ಗಂಜಿನಲ್ಲಿ ಹಗಲೆಲ್ಲ ಮೂಟೆ ಹೊತ್ತು ರಾತ್ರಿ ಅಂಗಡಿಯ ಕಟ್ಟೆಯ ಮೇಲೆ ಮೈಚಾಚುವ ಹಮಾಲನೂ, ದವಾಖಾನೆಯಲ್ಲಿ ರೋಗಿಯನ್ನಿರಿಸಿ ಹೊರಗಿನ ಅಂಗಳದಲ್ಲಿ ಕಂಬಳಿ ಹೊದ್ದು ಕೂರುವ ಹಳ್ಳಿಯ ಮುದುಕಿಯೂ ಬಲ್ಲಷ್ಟು ಹವಾಮಾನ ಇಲಾಖೆಯೂ ಅರಿಯದು.

ಇಂಥವರಿಗೆ ನೆರಳು ಕೊಡುವ ಸಂಪ್ರದಾಯ ಈ ಸೀಮೆಗೆ ಹೊಸದೇನೂ ಅಲ್ಲ. ಬೀದರದ ಗುರುನಾನಕ ಝೀರಾ ಗುರುದ್ವಾರದ ಲಂಗರಿನಲ್ಲಿ ಪಂಕ್ತಿಗೆ ಕುಳಿತವನ ಕುಲಗೋತ್ರವನ್ನು ಯಾರೂ ವಿಚಾರಿಸುವುದಿಲ್ಲ. ಭಾಲ್ಕಿಯ ಹಿರೇಮಠವು ಹೆತ್ತವರು ತ್ಯಜಿಸಿದ ಹಸುಗೂಸುಗಳನ್ನು ತನ್ನ ಮಕ್ಕಳೆಂದೇ ಸಾಕಿದೆ. ಬಂದವನು ಹಸಿದಿದ್ದಾನೆಂಬುದೇ ಇಲ್ಲಿ ಅರ್ಹತೆ. ಸರ್ಕಾರವು ಬೀದಿಯ ಮೇಲೆ ಮಲಗಿದವನನ್ನು ಮೊದಲು ಕಂಡ ದೃಷ್ಟಿಯಾದರೋ ಬೇರೆಯೇ.

ಆ ದೃಷ್ಟಿಯ ಮೂಲ ಬಹುದೂರದ್ದು. ನೆಪೋಲಿಯನ್ನನೊಡನೆ ನಡೆದ ಯುದ್ಧಗಳು ಮುಗಿದು, ಮರಳಿದ ಸೈನಿಕರಲ್ಲಿ ಅನೇಕರು ದಾರಿಹೋಕರಾಗಿ ಅಲೆಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡು 1824ರಲ್ಲಿ ಅಲೆಮಾರಿತನವನ್ನೇ ಅಪರಾಧವಾಗಿಸಿದ ಶಾಸನವನ್ನು ಮಾಡಿತು. ಅದೇ ಭಾವನೆ ಇಲ್ಲಿಯ ಭಿಕ್ಷಾಟನಾ ನಿಷೇಧ ಶಾಸನಗಳಲ್ಲಿಯೂ ಇಳಿದು ಬಂದಿತು. ಮೈಸೂರು ಸಂಸ್ಥಾನದ ಶಾಸನ 1944ರದು. ಬೀದರವು 1956ರ ನವೆಂಬರ್ 1ರಂದು ಹೈದರಾಬಾದಿನಿಂದ ಬೇರ್ಪಟ್ಟು ಕನ್ನಡ ರಾಜ್ಯವನ್ನು ಸೇರಿದ ಬಳಿಕ, 1975ರಲ್ಲಿ ಇಡೀ ಕರ್ನಾಟಕಕ್ಕೆ ಒಂದೇ ಕಾಯಿದೆಯಾಯಿತು. ಬೇಡುವವನನ್ನು ವಾರಂಟಿಲ್ಲದೆ ಹಿಡಿಯಬಹುದು. ವಿಚಾರಣೆಯ ಬಳಿಕ ವರ್ಷಗಳ ಕಾಲ ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಇದರ ವೆಚ್ಚಕ್ಕಾಗಿ ಸ್ಥಳೀಯ ಸಂಸ್ಥೆಗಳು ಆಸ್ತಿತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಉಪಕರವನ್ನು ಎತ್ತಬೇಕು. ಮನೆಯಿಲ್ಲದವನ ಹೆಸರಿನಲ್ಲಿ ಮನೆಯುಳ್ಳವನಿಂದ ಹಣವೆತ್ತುವ ಈ ಯೋಚನೆಯಲ್ಲಿ ಔದಾರ್ಯವಿಲ್ಲದಿಲ್ಲ. ದೋಷವಿದ್ದದ್ದು, ಆ ಹಣದ ಪ್ರಯೋಜನವನ್ನು ಪಡೆಯಬೇಕಾದವನು ಮೊದಲು ಬಂಧಿತನಾಗಬೇಕೆಂಬ ನಿಯಮದಲ್ಲಿ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ, ಆ ವರ್ಷದ ಆರಂಭದಿಂದಲೇ ಅಲ್ಲಿ ಇನ್ನೂರಕ್ಕೂ ಮಿಕ್ಕಿ ಸಾವುಗಳು ಸಂಭವಿಸಿದ್ದವೆಂಬುದು ಲೋಕಕ್ಕೆ ತಿಳಿಯಿತು. ಹೊರಗೆ ಹೋಗುವ ಸ್ವಾತಂತ್ರ್ಯವಿಲ್ಲದವನು ಅನ್ನ ಹಳಸಿದೆಯೆಂದು ಎದ್ದುಹೋಗಲಾರನು. ಎದ್ದುಹೋಗಲಾರದವರ ಅನ್ನವನ್ನು ರುಚಿನೋಡುವ ಅಧಿಕಾರಿಯೂ ವಿರಳ. ದೆಹಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ, ಮುಂಬಯಿಯಿಂದ ಎರವಲು ತಂದು ದೆಹಲಿಗೆ ಅನ್ವಯಿಸಿದ್ದ 1959ರ ಇಂಥದೇ ಕಾಯಿದೆಯ ಮುಖ್ಯ ವಿಧಿಗಳನ್ನು ರದ್ದುಪಡಿಸಿತು.

ಇತ್ತ ಮನೆ ಕಟ್ಟಿಸಿಕೊಡುವ ಯೋಜನೆಗಳು, ಜನತಾ ಮನೆಗಳಿಂದ ಆಶ್ರಯದವರೆಗೆ, ಬಡವರಿಗೆ ನಿಜವಾದ ಉಪಕಾರವನ್ನೇ ಮಾಡಿದುವು. ಆದರೆ ಅರ್ಜಿಯೊಡನೆ ಪಡಿತರ ಚೀಟಿ, ಪಡಿತರ ಚೀಟಿಗೆ ವಿಳಾಸ, ವಿಳಾಸಕ್ಕೆ ಮನೆ: ಈ ವರ್ತುಲದೊಳಗೆ ಬೀದಿಯವನಿಗೆ ಪ್ರವೇಶದ್ವಾರವೇ ಇರಲಿಲ್ಲ.

ಹೊಸ ದಾರಿ ತೆರೆದದ್ದು 2010ರ ಜನವರಿಯಲ್ಲಿ. ದೆಹಲಿಯ ನಗರಾಡಳಿತವು ಕಡುಚಳಿಯಲ್ಲಿಯೇ ತಾತ್ಕಾಲಿಕ ತಂಗುದಾಣವೊಂದನ್ನು ಕೆಡವಿದ ಪ್ರಸಂಗ ಸರ್ವೋಚ್ಚ ನ್ಯಾಯಾಲಯಕ್ಕೆ ತಲುಪಿ, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿಯೇ ಆಶ್ರಯದ ಪ್ರಶ್ನೆಯೂ ವಿಚಾರಣೆಗೆ ಬಂದಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಗಾಗುವಷ್ಟು ಶಾಶ್ವತ ತಂಗುದಾಣವೆಂಬ ಪ್ರಮಾಣವನ್ನು ಅಂಗೀಕರಿಸಿತು. ಹಿಡಿದು ತರುವ ಮಾತು ಹೋಗಿ, ಬಂದವನಿಗೆ ಬಾಗಿಲು ತೆರೆಯುವ ಮಾತು ಬಂದಿತೆಂಬುದು ಸಣ್ಣ ಪರಿವರ್ತನೆಯಲ್ಲ.

ಆದರೂ ಆ ಲಕ್ಷದ ಲೆಕ್ಕವನ್ನು ನಮ್ಮ ಜಿಲ್ಲೆಗೆ ಹಚ್ಚಿ ನೋಡಬೇಕು. 2011ರ ಗಣತಿಯಂತೆ ಎರಡು ಲಕ್ಷವನ್ನು ದಾಟಿದ ಬೀದರ ನಗರಕ್ಕೆ ಎರಡು ತಂಗುದಾಣಗಳ ಹಕ್ಕುಂಟು. ನಲವತ್ತು ಸಾವಿರದ ಆಸುಪಾಸಿನ ಭಾಲ್ಕಿಗೂ, ಅದಕ್ಕಿಂತ ಬಹು ಚಿಕ್ಕದಾದ ಔರಾದಿಗೂ ಈ ಗಣಿತದಲ್ಲಿ ಒಂದು ಪೂರ್ಣಾಂಕವೂ ದಕ್ಕದು. ಅಭಿಯಾನವು ಮುಂದೆ ಎಲ್ಲ ಪಟ್ಟಣಗಳಿಗೂ ವಿಸ್ತರಿಸಲ್ಪಟ್ಟರೂ ಪ್ರಮಾಣ ಮಾತ್ರ ಮಹಾನಗರವನ್ನು ಕಣ್ಣೆದುರಿಗಿಟ್ಟುಕೊಂಡೇ ರೂಪುಗೊಂಡದ್ದು. ಭಾಲ್ಕಿಯಲ್ಲಿ ರೈಲು ನಿಲ್ದಾಣದ ನೆರಳಾದರೂ ಉಂಟು. ರೈಲೇ ಇಲ್ಲದ ಔರಾದಿನಲ್ಲಿ ಕೊನೆಯ ಬಸ್ಸು ತಪ್ಪಿದ ಕೂಲಿಗೆ ಬಸ್ ನಿಲ್ದಾಣದ ಕಲ್ಲುಬೆಂಚೇ ಗತಿ.

ಗಣತಿಯೂ ಈ ಜನರನ್ನು ಹಿಡಿಯುವ ಬಗೆ ವಿಚಿತ್ರವೇ. 2011ರ ಫೆಬ್ರುವರಿ 28ರ ಒಂದೇ ರಾತ್ರಿಯಲ್ಲಿ ದೇಶದ ವಸತಿಹೀನರನ್ನೆಲ್ಲ ಎಣಿಸಲಾಯಿತು. ಬಂದ ಮೊತ್ತ 17.7 ಲಕ್ಷ. ಮಾಘ ಫಾಲ್ಗುಣಗಳಲ್ಲಿ ಕಬ್ಬು ಕಡಿಯಲೆಂದೋ ಹೈದರಾಬಾದಿನ ಕಟ್ಟಡಗಳ ಕೆಲಸಕ್ಕೆಂದೋ ಊರು ಬಿಟ್ಟವನು ಆ ರಾತ್ರಿ ಎಲ್ಲಿದ್ದನೋ ಅಲ್ಲಿಯ ಲೆಕ್ಕಕ್ಕೆ ಸೇರಿದನು, ಇಲ್ಲವೇ ಎಲ್ಲಿಯೂ ಸೇರಲಿಲ್ಲ. ಔರಾದಿನಿಂದ ಹೊರಟವನ ಬಡತನವನ್ನು ಔರಾದಿನ ಅಂಕಿ ಹೇಳದು.

ವಸತಿಹೀನರ ವಿಷಯದಲ್ಲಿ ಫಿನ್ಲೆಂಡು 2008ರಿಂದ ಅನುಸರಿಸಿದ ಕ್ರಮದಲ್ಲಿ ಮೊದಲು ಕೊಡುವುದು ಅವರದೇ ಹೆಸರಿನ ಬಾಡಿಗೆ ಮನೆ. ಚಟ, ಸಾಲ, ಕಾಯಿಲೆಗಳ ವಿಚಾರವೆಲ್ಲ ಅನಂತರದ್ದು. ಅಷ್ಟು ಶ್ರೀಮಂತಿಕೆ ನಮಗಿಲ್ಲವೆನ್ನುವವರಿಗೆ ನನ್ನ ಉತ್ತರವಿಷ್ಟೇ: ದುಡಿಯುವವನ ತಂಗುದಾಣವು ಅವನ ಕೂಲಿ ಸಿಗುವ ಅಡ್ಡಾಕ್ಕೆ ನಡೆದು ಹೋಗುವಷ್ಟು ಹತ್ತಿರವಿರಬೇಕು, ಹೆಂಗಸರಿಗೆ ಬೇರೆಯೇ ಕೋಣೆ ಇರಬೇಕು, ಅಲ್ಲಿಯ ವಿಳಾಸವನ್ನು ಪಡಿತರ ಚೀಟಿಗೆ ಒಪ್ಪಬೇಕು, ಇವುಗಳಿಗೆ ಶ್ರೀಮಂತಿಕೆ ಬೇಕಿಲ್ಲ. ಊರ ಹೊರಗಿನ ಬಯಲಿನಲ್ಲಿ ಜಾಗ ಅಗ್ಗವೆಂದು ಕಟ್ಟಿದ ಕಟ್ಟಡ ಖಾಲಿ ಬಿದ್ದರೆ, ಜನರೇ ಬರುವುದಿಲ್ಲವೆಂದು ಷರಾ ಬರೆದು ಕಡತ ಮುಚ್ಚುವುದು ಸುಲಭ. ಸಣ್ಣ ಪಟ್ಟಣಗಳಲ್ಲಂತೂ ನೂರು ಹಾಸಿಗೆಯ ಸೌಧ ಬೇಕಿಲ್ಲ. ಬಸ್ ನಿಲ್ದಾಣದ ಬಳಿ ಹತ್ತು ಹದಿನೈದು ಮಂದಿ ಮಲಗಬಹುದಾದ, ಶೌಚಾಲಯವುಳ್ಳ ಒಂದು ಕೊಠಡಿ, ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಕಾವಲುಗಾರ ಸಾಕು. ಭಿಕ್ಷುಕರ ಉಪಕರವೆಂದು ಸ್ಥಳೀಯವಾಗಿ ಎತ್ತಿದ ಆ ನೂರಕ್ಕೆ 3ರಲ್ಲಿ ಒಂದು ಪಾಲನ್ನು ಆಯಾ ಊರಿನಲ್ಲಿಯೇ ಹೀಗೆ ವೆಚ್ಚಮಾಡಲು ಅನುಮತಿಸುವ ತಿದ್ದುಪಡಿಯನ್ನು ಬೇಡುವುದಕ್ಕೆ ಔರಾದಿನ ತೆರಿಗೆದಾರನಿಗೆ ಪೂರ್ಣ ಅಧಿಕಾರವುಂಟು.