ಒಂದೇ ಮರ, ಹಲವು ಎಣ್ಣೆ: ದಾಲ್ಚಿನ್ನಿಯ ವಿಚಾರ

ಕಾರ್ಕಳದ ಘಟ್ಟದ ತಪ್ಪಲಿನ ತೋಟಗಳಲ್ಲಿ ದಾಲ್ಚಿನ್ನಿ ಮರ ಅಪರೂಪವೇನಲ್ಲ. ಉಡುಪಿ, ಕಾಪು ಕಡೆಯ ಹಿತ್ತಿಲುಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತದೆ. ಅದರ ಎಲೆಯನ್ನು ಹಿಸುಕಿ ಮೂಸಿದರೆ ಲವಂಗದ ನೆನಪಾಗುತ್ತದೆ. ತೊಗಟೆಯನ್ನು ಕೆರೆದರೆ ಸಿಹಿ ಬೆರೆತ ಖಾರದ ಪರಿಮಳ. ಬೇರಿನ ಸಿಪ್ಪೆಯಲ್ಲಿ ಕರ್ಪೂರದ ಗಂಧ. ಮರ ಒಂದೇ ಆಗಿದ್ದರೂ ಗಂಧ ಮೂರು ಬಗೆಯಾಗುವುದೇಕೆ? ಇದನ್ನರಿತರೆ, ಮದ್ದೆಂದು ನಾವು ಕೊಳ್ಳುವ ಎಣ್ಣೆಯ ಸೀಸೆಯ ವಿಷಯದಲ್ಲಿ ವಹಿಸಬೇಕಾದ ಎಚ್ಚರವೂ ಅರಿವಾಗುತ್ತದೆ.

ಸಸ್ಯದ ಭಾಗವನ್ನು ನೀರಿನ ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರ್ಪಡುವುದೇ ಸುಗಂಧ ತೈಲ. ದಾಲ್ಚಿನ್ನಿಯ ತೊಗಟೆಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಿನಮಾಲ್ಡಿಹೈಡ್ ಎಂಬ ದ್ರವ್ಯವಿರುತ್ತದೆ. ಎಲೆಯ ತೈಲದಲ್ಲಿ ಶೇ. 70ಕ್ಕೂ ಮಿಗಿಲಾಗಿ ಇರುವುದು ಯೂಜೆನಾಲ್; ಲವಂಗದ ಎಣ್ಣೆಯ ಮುಖ್ಯ ದ್ರವ್ಯವೂ ಇದೇ. ಬೇರಿನ ಸಿಪ್ಪೆಯ ತೈಲದಲ್ಲಿ ಕರ್ಪೂರವೇ ಪ್ರಧಾನ. ಹೂವಿನದು ಮತ್ತೊಂದು ಬಗೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ ಹೂವಿನ ತೈಲದಲ್ಲಿ ಸುಮಾರು ಶೇ. 42 ಭಾಗ ಸಿನಮೈಲ್ ಅಸಿಟೇಟ್ ಎಂಬ ದ್ರವ್ಯ ಕಂಡುಬಂದಿತು.

ಗಿಡದ ಪ್ರತಿಯೊಂದು ಅಂಗದಲ್ಲಿಯೂ ಸೂಕ್ಷ್ಮವಾದ ತೈಲಕೋಶಗಳಿರುತ್ತವೆ. ಅಲ್ಲಿ ಕೆಲಸ ಮಾಡುವ ಕಿಣ್ವಗಳು ಅಂಗದಿಂದ ಅಂಗಕ್ಕೆ ಬೇರೆಯಾಗಿರುವುದರಿಂದ ಸಿದ್ಧವಾಗುವ ದ್ರವ್ಯವೂ ಬೇರೆಯಾಗುತ್ತದೆ. ಮರದ ಜಾತಿ, ವಯಸ್ಸು, ಬೆಳೆದ ಮಣ್ಣುಗಳಿಂದಲೂ ಪ್ರಮಾಣದಲ್ಲಿ ಏರುಪೇರಾಗುವುದುಂಟು.

ಆಯುರ್ವೇದವು ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿದೆ. ‘ತ್ವಕ್’ ಎಂದರೆ ತೊಗಟೆ, ‘ಪತ್ರ’ ಎಂದರೆ ಎಲೆ. ಏಲಕ್ಕಿಯೊಡನೆ ಇವೆರಡೂ ಸೇರಿ ‘ತ್ರಿಜಾತಕ’ ಎನಿಸಿಕೊಳ್ಳುತ್ತವೆ. ಶಾಸ್ತ್ರೋಕ್ತವಾದ ಪತ್ರವು ಹಿಮಾಲಯದ ತಪ್ಪಲಿನ ಸೋದರ ಮರವೊಂದರದು. ಆದರೂ ಎಲೆಯನ್ನೂ ತೊಗಟೆಯನ್ನೂ ಪ್ರತ್ಯೇಕ ಔಷಧಗಳೆಂದು ಎಣಿಸಿದ ವಿವೇಕವನ್ನು ನಾವು ಗಮನಿಸಬೇಕು. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಭಾಗವಾದರೆ ತ್ವಕ್ ಕೇವಲ 1 ಭಾಗ.

ಈಗ ಸೀಸೆಯ ವಿಚಾರಕ್ಕೆ ಬರೋಣ. ಒಂದು ಕಿಲೋ ತೊಗಟೆಯಿಂದ ದೊರೆಯುವ ತೈಲ ಸಾಮಾನ್ಯವಾಗಿ 5ರಿಂದ 20 ಮಿ.ಲೀ. ಮಾತ್ರ. ಹೀಗಿರುವಾಗ ಕಷಾಯಕ್ಕೆ ಹಾಕುವ ಚಿಟಿಕೆ ಪುಡಿಗೂ ಸೀಸೆಯ ಹನಿಗೂ ಹೋಲಿಕೆಯೇ ಇಲ್ಲ. ‘ದಾಲ್ಚಿನ್ನಿ ಎಣ್ಣೆ’ ಎಂಬ ಹೆಸರೊಂದೇ ಸಾಲದು. ಎಲೆಯದೋ ತೊಗಟೆಯದೋ ಎಂಬುದನ್ನು ಚೀಟಿಯಲ್ಲಿ ನೋಡಲೇಬೇಕು. ತೊಗಟೆಯ ತೈಲವನ್ನು ನೇರವಾಗಿ ಹಚ್ಚಿದರೆ ಚರ್ಮ ಉರಿದು ಬೊಬ್ಬೆ ಏಳಬಹುದು. ಯೂಜೆನಾಲ್ ಹಲ್ಲುನೋವನ್ನು ಶಮನಗೊಳಿಸುವುದು ನಿಜ. ಆದರೆ ಮಗುವೊಂದು ಆ ಎಣ್ಣೆಯನ್ನು ಗುಟುಕರಿಸಿದರೆ ಯಕೃತ್ತಿಗೆ ತೀವ್ರ ಹಾನಿಯಾಗಬಹುದು. ಕರ್ಪೂರ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಅಪಸ್ಮಾರದಂತಹ ಸೆಳೆತ ಬರುವುದುಂಟು. ನೆಗಡಿಯಾದ ಕೂಸಿನ ಎದೆಗೆ ತೆಂಗಿನೆಣ್ಣೆಯಲ್ಲಿ ಕರ್ಪೂರ ಕಾಯಿಸಿ ಸವರುವ ರೂಢಿ ನಮ್ಮ ಕರಾವಳಿಯಲ್ಲಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಸರ್ವಥಾ ಬೇಡ.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಯಾವ ಸುಗಂಧ ತೈಲವನ್ನೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಗರ್ಭಿಣಿಯರೂ ಯಕೃತ್ತಿನ ತೊಂದರೆಯುಳ್ಳವರೂ ವಿಶೇಷ ಎಚ್ಚರ ವಹಿಸಬೇಕು. ಸೀಸೆಗಳನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಆ ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ತಕ್ಷಣ ಉಡುಪಿ, ಮಣಿಪಾಲ ಅಥವಾ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಯಾವ ಎಣ್ಣೆಯೆಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭವಾಗುತ್ತದೆ.

ಇನ್ನು ಅಡುಗೆಯ ದಾಲ್ಚಿನ್ನಿಯ ಮಾತು. ತೆಳುವಾಗಿ, ಪದರ ಪದರವಾಗಿ ಸುರುಳಿಗೊಂಡ ಚಕ್ಕೆಯೇ ನಿಜವಾದ ದಾಲ್ಚಿನ್ನಿ. ದಪ್ಪಗೆ, ಗಡುಸಾಗಿ, ಒಂದೇ ಪದರವಾಗಿರುವುದು ಕ್ಯಾಸಿಯಾ. ಅದರಲ್ಲಿರುವ ಕೌಮರಿನ್ ಎಂಬ ದ್ರವ್ಯ ಹೆಚ್ಚಾದರೆ ಯಕೃತ್ತಿಗೆ ಹಿತವಲ್ಲ. ಸಾರು ಪಲ್ಯಕ್ಕೆ ಹಾಕುವ ತುಂಡಿನಿಂದ ಭಯವಿಲ್ಲ. ಸಕ್ಕರೆ ಕಾಯಿಲೆಗೆಂದು ನಿತ್ಯವೂ ಚಮಚಗಟ್ಟಲೆ ಪುಡಿ ಸೇವಿಸುವವರು ಮಾತ್ರ ಚಕ್ಕೆ ಯಾವುದೆಂದು ನೋಡಿ, ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಮುಂದುವರಿಯುವುದು ಕ್ಷೇಮ.